ಟಾಮ್ ಬ್ರೇಡಿ ನಿಜವಾಗ್ಲೂ ಅಷ್ಟು ದೊಡ್ಡವನಾ?

ಪ್ರಶ್ನೆ: ಸರ್, ನಾನು ಬಾಸ್ಟನ್ ಹತ್ರ ಕೆಲ್ಸಕ್ಕೆ ಬಂದು ಎಂಟು ತಿಂಗ್ಳಾಯ್ತು. ಸೋಮವಾರ ಬೆಳಗ್ಗೆ ಆಫೀಸಲ್ಲಿ ಅಮೆರಿಕನ್ ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಇಲ್ಲ, ಮಾತು ಎಲ್ಲಿಂದ ಶುರುವಾದ್ರೂ ಕೊನೇಗೆ ಟಾಮ್ ಬ್ರೇಡಿ ಹತ್ರ ಬಂದು ನಿಲ್ಲತ್ತೆ. ನಾನೂ ಕೂತು ಹೈಲೈಟ್ಸ್ ನೋಡ್ದೆ. ಓಡಲ್ಲ, ಯಾರ್ಗೂ ಡಿಕ್ಕಿ ಹೊಡೆಯಲ್ಲ, ನಿಂತ ಜಾಗದಿಂದ ಬಾಲ್ ಎಸೀತಾನೆ ಅಷ್ಟೆ. ರಿಟೈರ್ ಆದ್ಮೇಲೂ ಜಾಹೀರಾತಲ್ಲಿ ಅವ್ನೇ, ಕಾಮೆಂಟರಿ ಬಾಕ್ಸಲ್ಲಿ ಅವ್ನೇ. ಇದು ನಿಜವಾದ ದೊಡ್ಡತನಾನಾ ಅಥ್ವಾ ಪಬ್ಲಿಸಿಟಿನಾ? ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ:

ನಿಜವಾದದ್ದೇ. ಪಬ್ಲಿಸಿಟಿ ಆಮೇಲೆ ಬಂತು, ಬೇಕಾದಷ್ಟು ಬಂತು, ಅದ್ರ ಬಗ್ಗೆ ನನಗೆ ತಕರಾರೂ ಇದೆ, ಆದ್ರೆ ಬುಡ ಗಟ್ಟಿ. ನಿಮಗೆ ಅದು ಕಾಣ್ತಿಲ್ಲ ಅನ್ನೋದ್ರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಯಾಕಂದ್ರೆ ಟಿವಿ ಕ್ಯಾಮೆರಾ ಬಾಲ್ ಹಿಂದೆ ಓಡತ್ತೆ, ಬ್ರೇಡಿ ಮಾಡಿದ ಕೆಲಸ ಮುಕ್ಕಾಲು ಪಾಲು ಬಾಲ್ ಕೈಗೆ ಬರೋಕೆ ಮುಂಚೇನೇ ಮುಗಿದಿರತ್ತೆ. ನಾನು 1999ರಲ್ಲಿ ಹಾಸನದಿಂದ ಇಲ್ಲಿಗೆ ಬಂದವನು, ಹದಿನಾಲ್ಕು ವರ್ಷದಿಂದ ಶನಿವಾರ ಬೆಳಗ್ಗೆ ನಮ್ಮೂರ ಮಕ್ಕಳಿಗೆ ಫ್ಲ್ಯಾಗ್ ಫುಟ್‌ಬಾಲ್, ಅಂದ್ರೆ ಡಿಕ್ಕಿ ಹೊಡೆಯೋ ಬದಲು ಸೊಂಟದ ಪಟ್ಟಿ ಕೀಳೋ ಆಟ, ಹೇಳಿಕೊಡ್ತಿದ್ದೀನಿ, ಹತ್ತು ವರ್ಷದ ಹುಡುಗ್ರಿಗೂ ನಾನು ಮೊದಲು ತೋರಿಸೋದು ಇದನ್ನೇ.

ಬ್ರೇಡಿ ಆಡ್ತಿದ್ದ ಜಾಗಕ್ಕೆ ಕ್ವಾರ್ಟರ್‌ಬ್ಯಾಕ್ ಅಂತಾರೆ, ಅವನ ಕೆಲಸ ಏನು ಅಂತ ನೋಡಿ. ಮ್ಯಾಚ್ ನಡೆಯೋದು ಚಿಕ್ಕ ಚಿಕ್ಕ ಪ್ಲೇಗಳಲ್ಲಿ, ಒಂದು ಪ್ಲೇ ಮುಗಿದು ಇನ್ನೊಂದು ಶುರು ಆಗೋಕೆ 40 ಸೆಕೆಂಡ್ ಟೈಮ್. ಅವನ ಹೆಲ್ಮೆಟ್ ಒಳಗೆ ಒಂದು ಸಣ್ಣ ಸ್ಪೀಕರ್ ಇರತ್ತೆ, ಕೋಚ್ ಅದ್ರಲ್ಲಿ ಯಾವ ಪ್ಲೇ ಆಡ್ಬೇಕು ಅಂತ ಹೇಳ್ತಾರೆ, ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸ್ಪೀಕರ್ ಕಟ್ ಆಗತ್ತೆ. ಅಲ್ಲಿಂದ ಮುಂದೆ ಅವನೊಬ್ನೇ. ಎದುರು ಹನ್ನೊಂದು ಜನ ನಿಂತಿರ್ತಾರೆ, ಅವರಲ್ಲಿ ಯಾರು ತನ್ನ ಮೇಲೆ ನುಗ್ತಾರೆ, ಯಾರು ನುಗ್ಗೋ ಹಾಗೆ ನಾಟಕ ಮಾಡಿ ಹಿಂದಕ್ಕೆ ಓಡ್ತಾರೆ, ಮೂಲೆಯಲ್ಲಿ ನಿಂತವನು ಎರಡು ಹೆಜ್ಜೆ ಒಳಗೆ ಯಾಕೆ ಬಂದ, ಇದನ್ನೆಲ್ಲ ನೋಡಿ, ಬೇಕಾದ್ರೆ ಕೋಚ್ ಹೇಳಿದ ಪ್ಲೇ ಬದಲಾಯಿಸಿ, ತನ್ನ ಮುಂದೆ ನಿಂತಿರೋ ಐದು ಜನ ದಾಂಡಿಗರಿಗೆ ಯಾರನ್ನ ಯಾರು ತಡೀಬೇಕು ಅಂತ ಕೂಗಿ ಹೇಳ್ಬೇಕು. ಆಮೇಲೆ ಬಾಲ್ ಕೈಗೆ ಬರತ್ತೆ. ಬಂದ್ಮೇಲೆ ಅವನಿಗಿರೋದು ಸುಮಾರು ಎರಡೂವರೆ ಸೆಕೆಂಡ್. ನೂರಿಪ್ಪತ್ತು ನೂರೈವತ್ತು ಕೇಜಿ ಇರೋ ನಾಲ್ಕೈದು ಜನ ತನ್ನ ಕಡೆ ನುಗ್ತಿರುವಾಗ ಕಣ್ಣು ಅವರ ಮೇಲೆ ಹೋಗ್ಬಾರ್ದು, ದೂರದಲ್ಲಿ ಓಡ್ತಿರೋ ತನ್ನವರ ಮೇಲೇ ಇರ್ಬೇಕು. ಮೈ ತನ್ನಷ್ಟಕ್ಕೆ ಬೆದರತ್ತೆ ಅಲ್ವಾ, ಆ ಬೆದರಿಕೇನ ಕಾಲಿಗೆ ಇಳಿಯೋಕೆ ಬಿಡದೆ ಅರ್ಧ ಹೆಜ್ಜೆ ಮುಂದೆ, ಒಂದು ಹೆಜ್ಜೆ ಎಡಕ್ಕೆ, ಅಷ್ಟೇ ಜರುಗಿ ಎಸೀಬೇಕು. ಬ್ರೇಡಿ ಈ ಅರ್ಧ ಹೆಜ್ಜೆಯ ಮಾಸ್ಟರ್. ಓಡೋಕೆ ಬರಲ್ಲ ಅಂದ್ರಲ್ಲ, ಸರಿ, ಆದ್ರೆ ಒಂದು ಬಾತ್‌ರೂಮ್ ಅಷ್ಟಗಲದ ಜಾಗದಲ್ಲಿ ಅವನಷ್ಟು ಚೆನ್ನಾಗಿ ಕಾಲು ಇಟ್ಟವರನ್ನ ನಾನು ನೋಡಿಲ್ಲ.

ಹುಟ್ಟಿದ್ದು 1977, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದೂರು. ಅಲ್ಲಿನ ಟೀಮ್ ಫಾರ್ಟಿನೈನರ್ಸ್, ಅವರ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನ ಇವನ ದೇವ್ರು. 1982ರ ಜನವರಿಲಿ ಮೊಂಟಾನ ಮೂಲೆಗೆ ಓಡ್ತಾ ಎಸೆದು ಡ್ವೈಟ್ ಕ್ಲಾರ್ಕ್ ಬೆರಳ ತುದೀಲಿ ಹಿಡಿದ ಕ್ಯಾಚ್ ಇದೆಯಲ್ಲ, ಇಲ್ಲಿನವರು ಅದನ್ನ ಬರೀ 'ದ ಕ್ಯಾಚ್' ಅಂತಾರೆ, ಆ ದಿನ ನಾಲ್ಕು ವರ್ಷದ ಬ್ರೇಡಿ ಅಪ್ಪ ಅಮ್ಮನ ಜೊತೆ ಆ ಸ್ಟೇಡಿಯಮಲ್ಲೇ ಇದ್ದ. ಹೈಸ್ಕೂಲಲ್ಲಿ ಬೇಸ್‌ಬಾಲ್ ಕೂಡ ಚೆನ್ನಾಗಿ ಆಡ್ತಿದ್ದ, 1995ರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ಟೀಮ್ ಅವನನ್ನ ಕ್ಯಾಚರ್ ಅಂತ ಡ್ರಾಫ್ಟ್ ಮಾಡಿತ್ತು, ಅಂದ್ರೆ ಆರಿಸ್ಕೊಂಡಿತ್ತು. ಇವನು ಫುಟ್‌ಬಾಲೇ ಬೇಕು ಅಂತ ಮಿಶಿಗನ್ ಯೂನಿವರ್ಸಿಟಿಗೆ ಹೋದ, ಹೋದಾಗ ಕ್ವಾರ್ಟರ್‌ಬ್ಯಾಕ್ ಸಾಲಲ್ಲಿ ಏಳನೆಯವನು. ಸರದಿ ಬಂದ್ಮೇಲೂ ಪೂರ್ತಿ ಬರ್ಲಿಲ್ಲ, ಕೊನೇ ವರ್ಷ ಕೂಡ ಡ್ರೂ ಹೆನ್ಸನ್ ಅನ್ನೋ ಚಿಕ್ಕ ಹುಡುಗನ ಜೊತೆ ಜಾಗ ಹಂಚ್ಕೋಬೇಕಾಯ್ತು. ಆದ್ರೂ ಕೊನೇ ಮ್ಯಾಚಲ್ಲಿ, 2000ದ ಹೊಸವರ್ಷದ ದಿನ ಆರೆಂಜ್ ಬೌಲಲ್ಲಿ ಅಲಬಾಮ ವಿರುದ್ಧ ಹಿಂದೆ ಬಿದ್ದಿದ್ದ ಟೀಮನ್ನ ಎತ್ತಿ ನಿಲ್ಲಿಸಿ ಓವರ್‌ಟೈಮಲ್ಲಿ 35-34ರಲ್ಲಿ ಗೆಲ್ಸಿದ.

ಅದಾಗಿ ಮೂರೂವರೆ ತಿಂಗ್ಳಿಗೆ ಎನ್‌ಎಫ್‌ಎಲ್ ಡ್ರಾಫ್ಟ್. ಎನ್‌ಎಫ್‌ಎಲ್ ಅಂದ್ರೆ ಇಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್, ಡ್ರಾಫ್ಟಲ್ಲಿ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗ್ರನ್ನ ಆರಿಸ್ಕೊಳ್ತಾರೆ. ಅದಕ್ಕೆ ಮುಂಚೆ ಹುಡುಗ್ರನ್ನೆಲ್ಲ ಒಂದು ಕಡೆ ಸೇರಿಸಿ ಓಡ್ಸಿ, ಹಾರ್ಸಿ, ಅಳೆದು ತೂಗಿ ನೋಡ್ತಾರೆ. ಅಲ್ಲಿ ತೆಗೆದ ಬ್ರೇಡಿ ಫೋಟೋ ಒಂದಿದೆ, ಇಲ್ಲಿನವರೆಲ್ಲ ನೋಡಿರ್ತಾರೆ, ನಿಮ್ಮ ಆಫೀಸಲ್ಲೂ ಯಾರಾದ್ರೂ ತೋರಿಸ್ತಾರೆ. ಬರೀ ಚಡ್ಡಿ, ಬರೀ ಮೈ, ಇಳಿಬಿದ್ದ ಭುಜ, ತೋಳಲ್ಲಿ ಗಂಟಿಲ್ಲ, 6 ಅಡಿ 4 ಇಂಚು ಎತ್ತರದ ಒಂದು ಪೀಚಲು ಹುಡುಗ. 40 ಯಾರ್ಡ್ ಓಡೋಕೆ 5.28 ಸೆಕೆಂಡ್ ತಗೊಂಡ, ಆ ಕಾಲಕ್ಕೂ ಅದು ತೀರಾ ನಿಧಾನ. ಡ್ರಾಫ್ಟಲ್ಲಿ ಆರು ಜನ ಕ್ವಾರ್ಟರ್‌ಬ್ಯಾಕ್‌ಗಳು ಇವನಿಗಿಂತ ಮುಂಚೆ ಹೋದ್ರು. ಅವನ ಸ್ವಂತ ಊರಿನ ಟೀಮ್, ಚಿಕ್ಕಂದಿನಿಂದ ಪೂಜೆ ಮಾಡಿದ ಫಾರ್ಟಿನೈನರ್ಸ್, ಮೂರನೇ ರೌಂಡಲ್ಲಿ ಬೇರೊಬ್ಬ ಕ್ವಾರ್ಟರ್‌ಬ್ಯಾಕ್ ತಗೊಂಡ್ರು, ಆ ಹುಡುಗ ಎನ್‌ಎಫ್‌ಎಲ್ ಲೀಗಲ್ಲಿ ಒಂದು ಮ್ಯಾಚೂ ಆಡ್ಲಿಲ್ಲ. ಬ್ರೇಡಿ ಹೆಸರು ಕರೆದಿದ್ದು ಆರನೇ ರೌಂಡಲ್ಲಿ, 199ನೇ ನಂಬರ್, ಕರೆದಿದ್ದು ನಮ್ಮ ಬಾಸ್ಟನ್ ಕಡೆಯ ಟೀಮ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಎಷ್ಟೋ ವರ್ಷ ಆದ್ಮೇಲೆ ಒಂದು ಟಿವಿ ಕಾರ್ಯಕ್ರಮದಲ್ಲಿ ಆ ದಿನ ನೆನೆಸ್ಕೊಂಡು, ಅಪ್ಪ ಅಮ್ಮ ಮನೇಲಿ ಹೇಗೆ ಕಾದ್ರು ಅಂತ ಹೇಳೋಕೆ ಹೋಗಿ ಅತ್ತುಬಿಟ್ಟ. ಆಗ್ಲೇ ಮೂರು ಸೂಪರ್ ಬೌಲ್, ಅಂದ್ರೆ ಲೀಗಿನ ಫೈನಲ್, ಗೆದ್ದಾಗಿತ್ತು, ಆದ್ರೂ ಅದು ಒಳಗೆ ಹಸಿಯಾಗೇ ಇತ್ತು.

ಈ 199 ಅನ್ನೋದು ಅಮೆರಿಕದಲ್ಲಿ ಅವನ ಹೆಸರಿಗೆ ಅಂಟಿಕೊಂಡಿರೋದು ಸುಮ್ನೆ ಅಲ್ಲ. ಇಲ್ಲಿನ ಜನಕ್ಕೆ ಹುಟ್ಟಾ ಪ್ರತಿಭೆಗಿಂತ ತಿರಸ್ಕಾರ ತಿಂದು ಮೇಲೆ ಬಂದವನ ಮೇಲೆ ಪ್ರೀತಿ ಜಾಸ್ತಿ. ಪೇಟ್ರಿಯಟ್ಸ್ ಮಾಲೀಕ ರಾಬರ್ಟ್ ಕ್ರಾಫ್ಟ್ ಒಂದು ಕಥೆ ಯಾವಾಗ್ಲೂ ಹೇಳ್ತಾರೆ, ಕಂಕುಳಲ್ಲಿ ಪಿಜ್ಜಾ ಡಬ್ಬ ಇಟ್ಕೊಂಡು ಬಂದ ಈ ತೆಳ್ಳಗಿನ ಹುಡುಗ ತನ್ನ ಪರಿಚಯ ಹೇಳ್ಕೊಂಡು, ಈ ಸಂಸ್ಥೆ ತಗೊಂಡಿರೋ ನಿರ್ಧಾರಗಳಲ್ಲೆಲ್ಲ ನನ್ನನ್ನ ತಗೊಂಡಿದ್ದೇ ಬೆಸ್ಟ್ ಅಂತ ಮುಖಕ್ಕೇ ಹೇಳಿದನಂತೆ. ಆ ವರ್ಷ ಟೀಮಲ್ಲಿ ನಾಲ್ಕು ಕ್ವಾರ್ಟರ್‌ಬ್ಯಾಕ್ ಇದ್ರು, ಇವನು ನಾಲ್ಕನೆಯವನು. ಇಡೀ ಸೀಸನಲ್ಲಿ ಎಸೆದಿದ್ದು ಮೂರೇ ಮೂರು ಸಲ, ಅದ್ರಲ್ಲಿ ಒಂದು ಕೈಸೇರ್ತು, ಆರು ಯಾರ್ಡ್.

2001ರ ಮಾರ್ಚಲ್ಲಿ ಪೇಟ್ರಿಯಟ್ಸ್ ತಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋಗೆ ಹತ್ತು ವರ್ಷಕ್ಕೆ 103 ಮಿಲಿಯನ್ ಡಾಲರ್ ಕಾಂಟ್ರ್ಯಾಕ್ಟ್ ಕೊಟ್ಟಿದ್ರು. ಅಂದ್ರೆ ಬ್ರೇಡಿಗೆ ಬಾಗ್ಲು ಮುಚ್ಚಿತ್ತು. ಸೆಪ್ಟೆಂಬರ್ 11ರ ದಾಳಿ ಆಗಿ ದೇಶ ಇನ್ನೂ ಸುಧಾರಿಸ್ಕೊಂಡಿರ್ಲಿಲ್ಲ, ಒಂದು ವಾರ ಆಟ ನಿಲ್ಲಿಸಿ ಮತ್ತೆ ಶುರು ಮಾಡಿದಾಗ, 23ನೇ ತಾರೀಖು, ನ್ಯೂಯಾರ್ಕ್ ಜೆಟ್ಸ್‌ನ ಮೋ ಲೂಯಿಸ್ ಗೆರೆ ಪಕ್ಕ ಓಡ್ತಿದ್ದ ಬ್ಲೆಡ್ಸೋಗೆ ಗುದ್ದಿದ ಗುದ್ದಿಗೆ ಎದೆ ಒಳಗೆ ರಕ್ತನಾಳ ಹರಿದುಹೋಯ್ತು. ಜೀವಕ್ಕೇ ಅಪಾಯ ಇತ್ತು. ಬ್ರೇಡಿ ಒಳಗೆ ಬಂದ, ಆಮೇಲೆ ಆ ಜಾಗ ಬಿಟ್ಟುಕೊಡ್ಲೇ ಇಲ್ಲ. ಬ್ಲೆಡ್ಸೋ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸು ಬರಲ್ಲ, ವಾಸಿಯಾಗಿ ಬಂದ್ರೂ ಬೆಂಚಲ್ಲಿ ಕೂತು ಈ ಹುಡುಗನಿಗೆ ಸಹಾಯ ಮಾಡ್ದ, ಪಿಟ್ಸ್‌ಬರ್ಗಲ್ಲಿ ಸೆಮಿಫೈನಲ್ ಥರದ ಮ್ಯಾಚಲ್ಲಿ ಬ್ರೇಡಿ ಕಾಲುಳುಕಿಸ್ಕೊಂಡು ಹೊರಗೆ ಬಂದಾಗ ಬ್ಲೆಡ್ಸೋನೇ ಒಳಗೆ ಹೋಗಿ ಟಚ್‌ಡೌನ್ (ಬಾಲನ್ನ ಕೊನೇ ಗೆರೆ ದಾಟಿಸಿ ಆರು ಪಾಯಿಂಟ್ ತರೋದು) ಎಸೆದು ಗೆಲ್ಸಿದ.

ಅದಕ್ಕೂ ಮುಂಚೆ, 2002ರ ಜನವರಿ 19, ಹಿಮ ಸುರೀತಿದ್ದ ರಾತ್ರಿ ಓಕ್‌ಲ್ಯಾಂಡ್ ರೇಡರ್ಸ್ ವಿರುದ್ಧದ ಮ್ಯಾಚ್. ನಾನು ಬಂದು ಎರಡೂವರೆ ವರ್ಷ, ಆಟದ ತಲೆಬುಡ ಗೊತ್ತಿರ್ಲಿಲ್ಲ. ಸಾಯಂಕಾಲ ಕಾರ್ ಮೇಲಿನ ಹಿಮ ತೆಗೀತಿದ್ದೆ, ಪಕ್ಕದ ಮನೆ ಅಜ್ಜ ತನ್ನ ಸಲಿಕೆ ಹಿಡ್ಕೊಂಡು ಬಂದು ಜೊತೆಗೆ ನಿಂತು ಕ್ಲೀನ್ ಮಾಡಿ, ಒಳಗೆ ಬಾ, ಇವತ್ತಿನ ಮ್ಯಾಚ್ ಒಬ್ಬನೇ ನೋಡೋಂಥದಲ್ಲ ಅಂತ ಕರ್ಕೊಂಡು ಹೋದ್ರು. ಟಿವಿಯಲ್ಲಿ ಗೆರೆಗಳೇ ಕಾಣ್ತಿರ್ಲಿಲ್ಲ, ಎಲ್ಲ ಬಿಳಿ. ಪೇಟ್ರಿಯಟ್ಸ್ 13-10ರಲ್ಲಿ ಹಿಂದೆ, ಎರಡು ನಿಮಿಷಾನೂ ಉಳಿದಿಲ್ಲ, ಚಾರ್ಲ್ಸ್ ವುಡ್ಸನ್ ಬಂದು ಹೊಡೆದ ಏಟಿಗೆ ಬ್ರೇಡಿ ಕೈಯಿಂದ ಬಾಲ್ ಜಾರ್ತು, ರೇಡರ್ಸ್ ಅದ್ರ ಮೇಲೆ ಬಿದ್ರು, ಮುಗೀತು ಅಂತ ಅಜ್ಜ ಎದ್ದು ಅಡುಗೆಮನೆಗೆ ಹೋದ್ರು. ರೆಫರಿ ವಿಡಿಯೋ ನೋಡಿ ಬಂದು, ಎಸೆಯೋಕೆ ಮುಂದೆ ತಂದ ಕೈನ ವಾಪಸ್ ಎದೆಗೆ ಎಳ್ಕೊಳ್ತಿದ್ದಾಗ ಬಾಲ್ ಜಾರಿದೆ, ರೂಲ್ ಪ್ರಕಾರ ಇದು ಎಸೆದ ಹಾಗೇ ಲೆಕ್ಕ, ಬಾಲ್ ಪೇಟ್ರಿಯಟ್ಸ್‌ದೇ ಅಂದ್ರು. ಆಮೇಲೆ ಆ ಹಿಮದಲ್ಲಿ ಆಡಮ್ ವಿನಾಟಿಯೆರಿ 45 ಯಾರ್ಡಿಂದ ಬಾಲನ್ನ ಕಂಬಗಳ ಮಧ್ಯೆ ಒದ್ದು ಮೂರು ಪಾಯಿಂಟ್ ತಂದು ಸಮ ಮಾಡಿದ, ಓವರ್‌ಟೈಮಲ್ಲಿ ಮತ್ತೆ ಒದ್ದು ಗೆಲ್ಸಿದ. 'ಟಕ್ ರೂಲ್' ಅಂತ ಕರೀತಿದ್ದ ಆ ನಿಯಮಾನ 2013ರಲ್ಲಿ ತೆಗೆದೇಹಾಕಿದ್ರು. ನನ್ನ ಕಣ್ಣಿಗೆ ಅದು ಬಾಲ್ ಬಿಟ್ಟಿದ್ದೇ, ಆದ್ರೆ ಅವತ್ತಿನ ಪುಸ್ತಕದಲ್ಲಿ ಬರೆದಿದ್ದಂತೆ ರೆಫರಿ ಸರಿ. ಬ್ರೇಡಿಗೆ ಅದೃಷ್ಟ ಇತ್ತಾ ಅಂತ ಯಾರಾದ್ರೂ ಕೇಳಿದ್ರೆ ಖಂಡಿತ ಇತ್ತು, ಈ ಒಂದು ರಾತ್ರಿ ಸಾಕು ಸಾಕ್ಷಿಗೆ.

ಎರಡು ವಾರ ಬಿಟ್ಟು ನ್ಯೂ ಆರ್ಲಿಯನ್ಸಲ್ಲಿ ಸೂಪರ್ ಬೌಲ್. ಎದುರು ಸೇಂಟ್ ಲೂಯಿಸ್ ರ‍್ಯಾಮ್ಸ್, ಆ ಕಾಲದ ಅತಿ ವೇಗದ ಟೀಮ್, ಬೆಟ್ಟಿಂಗ್‌ನವರು 14 ಪಾಯಿಂಟಿಂದ ಗೆಲ್ತಾರೆ ಅಂತ ಬರೆದಿದ್ರು. ಕೊನೇಲಿ 17-17 ಸಮ. 1 ನಿಮಿಷ 21 ಸೆಕೆಂಡ್ ಬಾಕಿ, ಬಾಲ್ ತಮ್ಮ 17 ಯಾರ್ಡ್ ಗೆರೇಲಿ, ಟೈಮ್‌ಔಟ್ ಒಂದೂ ಇಲ್ಲ. ಕಾಮೆಂಟರಿಯಲ್ಲಿ ಜಾನ್ ಮ್ಯಾಡನ್, ಆಟದ ದೊಡ್ಡ ಗುರು, ಈಗ ರಿಸ್ಕ್ ತಗೋಬಾರ್ದು, ಟೈಮ್ ಕಳೆದು ಓವರ್‌ಟೈಮ್‌ಗೆ ಹೋಗ್ಬೇಕು ಅಂದ್ರು. 24 ವರ್ಷದ ಹುಡುಗನ ಕೈಲಿ ಕೋಚ್ ಬಿಲ್ ಬೆಲಿಚಿಕ್ ಬಾಲ್ ಕೊಟ್ಟು ಎಸಿ ಅಂದ್ರು. ಜೆ.ಆರ್. ರೆಡ್ಮಂಡ್‌ಗೆ 5 ಯಾರ್ಡ್, ಅವನಿಗೇ 8, ಮತ್ತೆ ಅವನಿಗೇ 11, ಟ್ರಾಯ್ ಬ್ರೌನ್‌ಗೆ 23, ಜರ್ಮೇನ್ ವಿಗಿನ್ಸ್‌ಗೆ 6. ಹೀರೋ ಥರ ದೂರ ಎಸೆದಿದ್ದು ಒಂದೂ ಇಲ್ಲ ಗಮನಿಸಿ, ಎಲ್ಲ ಪುಟ್ಟ ಪುಟ್ಟದು, ಯಾರು ಖಾಲಿ ಇದ್ದಾರೋ ಅವರಿಗೆ. ವಿನಾಟಿಯೆರಿ 48 ಯಾರ್ಡಿಂದ ಒದ್ದ, ಟೈಮ್ ಮುಗೀತು, 20-17. ಮುಂದಿನ ಇಪ್ಪತ್ತು ವರ್ಷ ಬ್ರೇಡಿ ಆಡಿದ್ದು ಇದೇ ಆಟ, ಎದುರಾಳಿ ಬಿಟ್ಟ ಜಾಗ ಯಾವುದೋ ಅದನ್ನ ತಗೊಳ್ಳೋದು, ಸಾಕಾಗೋವರೆಗೂ ತಗೊಳ್ತಾನೇ ಇರೋದು.

ಆಮೇಲಿನ ಕೆಲವು ವರ್ಷ ಬೇಗ ಹೇಳ್ತೀನಿ. 2003, 2004 ಸೀಸನಲ್ಲೂ ಗೆದ್ರು, ನಾಲ್ಕು ವರ್ಷದಲ್ಲಿ ಮೂರು. ಆಮೇಲೆ ಹತ್ತು ವರ್ಷ ಒಂದೂ ಇಲ್ಲ. 2007ರಲ್ಲಿ ಲೀಗ್ ಮ್ಯಾಚ್ 16ಕ್ಕೆ 16 ಗೆದ್ದು, 50 ಟಚ್‌ಡೌನ್ ಎಸೆದು ಆಗಿನ ದಾಖಲೆ ಬರೆದು, ಫೈನಲಲ್ಲಿ ನ್ಯೂಯಾರ್ಕ್ ಜೈಂಟ್ಸ್ ಕೈಲಿ 17-14ರಲ್ಲಿ ಸೋತ್ರು. ಮಾರನೇ ದಿನ ಈ ಊರಲ್ಲಿ ಅಂಗಡಿಯವ್ರೂ ಮಾತಾಡ್ತಿರ್ಲಿಲ್ಲ. ಮುಂದಿನ ಸೀಸನ್ ಮೊದಲ ಮ್ಯಾಚಲ್ಲೇ ಮೊಣಕಾಲಿನ ಲಿಗಮೆಂಟ್ ಹರೀತು, ಇಡೀ ವರ್ಷ ಹೋಯ್ತು. 2011ರ ಸೀಸನಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಜೈಂಟ್ಸ್, ಮತ್ತೆ ಸೋಲು.

ಒಂದು ವಿಷಯ ಮಾತ್ರ ಬಿಡೋ ಹಾಗಿಲ್ಲ, ನಿಮ್ಮ ಆಫೀಸಲ್ಲಿ ನ್ಯೂಯಾರ್ಕಿನವರಿದ್ರೆ ತೆಗದೇ ತೆಗೀತಾರೆ. 2015ರ ಜನವರಿಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ 45-7ರಲ್ಲಿ ಗೆದ್ದ ಮ್ಯಾಚಲ್ಲಿ ಪೇಟ್ರಿಯಟ್ಸ್ ಬಾಲ್‌ಗಳಲ್ಲಿ ಗಾಳಿ ಕಮ್ಮಿ ಇತ್ತು, ಬೇಕಂತ್ಲೇ ಬಿಟ್ಟಿದ್ದಾರೆ ಅನ್ನೋ ಆರೋಪ ಬಂತು. ನಿಯಮ ಪ್ರಕಾರ ಬಾಲ್ ಒಳಗಿನ ಗಾಳಿಯ ಒತ್ತಡ 12.5ರಿಂದ 13.5 ಪಿಎಸ್‌ಐ ಇರ್ಬೇಕು. ಗಾಳಿ ಕಮ್ಮಿ ಆದ್ರೆ ಚಳಿಯಲ್ಲಿ ಹಿಡಿತ ಚೆನ್ನಾಗಿ ಸಿಗತ್ತೆ. ಲೀಗ್ ನೇಮಿಸಿದ ವಕೀಲರ ವರದಿ, ಟೀಮಿನ ಇಬ್ಬರು ಕೆಲಸಗಾರರು ಗಾಳಿ ಬಿಟ್ಟಿರೋ ಸಾಧ್ಯತೆ ಹೆಚ್ಚು, ಬ್ರೇಡಿಗೆ ಅದ್ರ ಬಗ್ಗೆ ಒಂದಷ್ಟಾದ್ರೂ ಗೊತ್ತಿರೋ ಸಾಧ್ಯತೆ ಹೆಚ್ಚು ಅಂತ ಹೇಳ್ತು. ನಾಲ್ಕು ಮ್ಯಾಚ್ ಸಸ್ಪೆಂಡ್, ಟೀಮಿಗೆ 10 ಲಕ್ಷ ಡಾಲರ್ ದಂಡ. ಕೋರ್ಟಿಗೆ ಹೋಯ್ತು, ಒಬ್ರು ಜಡ್ಜ್ ರದ್ದು ಮಾಡಿದ್ರು, ಮೇಲಿನ ಕೋರ್ಟ್ ವಾಪಸ್ ತಂತು, ಕೊನೇಗೆ 2016ರಲ್ಲಿ ನಾಲ್ಕು ಮ್ಯಾಚ್ ಮನೇಲಿ ಕೂತ. ಚಳಿಗೆ ಗಾಳಿಯ ಒತ್ತಡ ತಾನೇ ಇಳಿಯತ್ತೆ ಅನ್ನೋದು ಹೈಸ್ಕೂಲ್ ಫಿಸಿಕ್ಸ್, ಆದ್ದರಿಂದ ಶಿಕ್ಷೆ ಜಾಸ್ತಿ ಆಯ್ತು ಅಂತ್ಲೇ ನನ್ನ ಅಭಿಪ್ರಾಯ. ಆದ್ರೆ ವಿಚಾರಣೆ ನಡೀತಿದ್ದಾಗ ತನ್ನ ಹಳೇ ಫೋನ್ ನಾಶ ಮಾಡಿಸಿದ್ದು ಸರಿಯಿಲ್ಲ. ಅಭಿಮಾನಿ ಅಂತ ನಾನು ಅದನ್ನ ಮುಚ್ಚಿಡಲ್ಲ, ನನ್ನ ಹುಡುಗ್ರು ಕೇಳಿದಾಗ್ಲೂ ಹಾಗೇ ಹೇಳ್ದೆ.

ಆ ಸಸ್ಪೆನ್ಷನ್ ಮುಗಿಸಿ ಬಂದ ಸೀಸನ್ನಿನ ಕೊನೇ ಮ್ಯಾಚ್, 2017ರ ಫೆಬ್ರವರಿ 5, ಹ್ಯೂಸ್ಟನ್, ಎದುರು ಅಟ್ಲಾಂಟ ಫಾಲ್ಕನ್ಸ್. ನಿಮಗೆ ಒಂದೇ ಒಂದು ಮ್ಯಾಚ್ ನೋಡೋಕೆ ಟೈಮ್ ಇದ್ರೆ ಇದನ್ನ ಪೂರ್ತಿ ನೋಡಿ. ಅವನಿಗೆ 39 ವರ್ಷ. ಅವನ ಅಮ್ಮ ಕ್ಯಾನ್ಸರ್ ಚಿಕಿತ್ಸೇಲಿದ್ದವರು, ಆ ಸೀಸನಲ್ಲಿ ಅವರು ಬಂದು ನೋಡಿದ್ದು ಇದೊಂದೇ ಮ್ಯಾಚ್. ಮೊದಲರ್ಧದಲ್ಲಿ ಬ್ರೇಡಿ ಎಸೆದ ಬಾಲನ್ನ ರಾಬರ್ಟ್ ಆಲ್ಫರ್ಡ್ ಮಧ್ಯದಲ್ಲೇ ಹಿಡಿದು 82 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ, ಬ್ರೇಡಿ ಹಿಡಿಯೋಕೆ ಹೋಗಿ ನೆಲದ ಮೇಲೆ ಮಕಾಡೆ ಬಿದ್ದ. ಮೂರನೇ ಕ್ವಾರ್ಟರಲ್ಲಿ ಸ್ಕೋರ್ 28-3. ಸೂಪರ್ ಬೌಲಲ್ಲಿ ಅಲ್ಲೀವರೆಗೆ ಯಾರೂ ಹತ್ತು ಪಾಯಿಂಟಿಗಿಂತ ಜಾಸ್ತಿ ಹಿಂದೆ ಬಿದ್ದು ಗೆದ್ದಿದ್ದೇ ಇಲ್ಲ. ನಮ್ಮ ಮನೇಲಿ ಸೇರಿದ್ದ ಸ್ನೇಹಿತರು, ನಾಳೆ ಆಫೀಸ್ ಇದೆ ಅಂತ ಒಬ್ಬೊಬ್ರೇ ಎದ್ದು ಹೋದ್ರು.

ಅವತ್ತು ಏನಾಯ್ತು ಅಂತ ಎಲ್ಲರೂ ಪವಾಡದ ಥರ ಹೇಳ್ತಾರೆ, ಪವಾಡ ಅಲ್ಲ. ಅಂಕಿ ನೋಡಿ: ಅವತ್ತು ಪೇಟ್ರಿಯಟ್ಸ್ ಆಡಿದ್ದು 93 ಪ್ಲೇ, ಫಾಲ್ಕನ್ಸ್ 46. ಅಂದ್ರೆ ಫಾಲ್ಕನ್ಸ್ ಡಿಫೆನ್ಸ್ ಎರಡು ಮ್ಯಾಚಿನಷ್ಟು ಓಡಿದೆ. ಬ್ರೇಡಿ ಸೋಲ್ತಿರುವಾಗ್ಲೂ ಗಾಬರಿಯಾಗಿ ಉದ್ದುದ್ದ ಎಸೀಲಿಲ್ಲ, ಜೇಮ್ಸ್ ವೈಟ್‌ಗೆ ಪುಟ್ಟ ಪಾಸ್, ಅಮೆಂಡೋಲಗೆ ಪುಟ್ಟ ಪಾಸ್, ವೈಟ್ ಒಬ್ನೇ 14 ಹಿಡ್ದ. ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಎದುರಿನ ದಾಂಡಿಗರು ಸೊಂಟದ ಮೇಲೆ ಕೈ ಇಟ್ಕೊಂಡು ಏದುಸಿರು ಬಿಡ್ತಿದ್ರು, ಬ್ರೇಡಿ ಹತ್ರ ತಲುಪೋಕೆ ಅವರಿಗೆ ಎರಡೂವರೆ ಸೆಕೆಂಡ್ ಸಾಕಾಗ್ತಿರ್ಲಿಲ್ಲ. ಅದೃಷ್ಟವೂ ಇತ್ತು, ಇಲ್ಲ ಅನ್ನಲ್ಲ: ಜೂಲಿಯನ್ ಎಡೆಲ್ಮನ್‌ಗೆ ಎಸೆದ ಒಂದು ಬಾಲ್ ಆಲ್ಫರ್ಡ್ ಕೈಗೆ ಬಡಿದು ಮೇಲಕ್ಕೆ ಚಿಮ್ಮಿತು, ಹೌದು ಅದೇ ಆಲ್ಫರ್ಡ್, ಮೂರು ಜನ ಫಾಲ್ಕನ್ಸ್ ಮಧ್ಯೆ ಎಡೆಲ್ಮನ್ ಹಾರಿ, ಬಾಲ್ ನೆಲದಿಂದ ಒಂದೆರಡು ಬೆರಳು ಮೇಲೆ ಇರುವಾಗ ಯಾರದೋ ಕಾಲಿನ ಪಕ್ಕ ಕೈ ತೂರಿಸಿ ಹಿಡ್ದ. 57 ಸೆಕೆಂಡ್ ಬಾಕಿ ಇರುವಾಗ ವೈಟ್ ನುಗ್ಗಿ ಟಚ್‌ಡೌನ್, ಟಚ್‌ಡೌನ್ ಆದ್ಮೇಲೆ ಆಡೋ ಎರಡು ಪಾಯಿಂಟ್ ಪ್ಲೇ ಕೂಡ ಸರಿಹೋಯ್ತು, 28-28. ಸೂಪರ್ ಬೌಲ್ ಇತಿಹಾಸದಲ್ಲೇ ಮೊದಲ ಓವರ್‌ಟೈಮ್. ಟಾಸ್ ಗೆದ್ರು, ಬಾಲ್ ತಗೊಂಡ್ರು, 75 ಯಾರ್ಡ್ ಹೋಗಿ ಟಚ್‌ಡೌನ್ ಮಾಡಿದ್ರು, ಅಲ್ಲಿಗೆ ಮ್ಯಾಚ್ ಮುಗೀತು, ಫಾಲ್ಕನ್ಸ್ ಅಟ್ಯಾಕ್‌ಗೆ ಬಾಲ್ ಮುಟ್ಟೋಕೂ ಸಿಗ್ಲಿಲ್ಲ. 34-28. ಬ್ರೇಡಿ 62 ಎಸೆದು 43 ಕೈಸೇರಿಸಿ 466 ಯಾರ್ಡ್. ಆ ರಾತ್ರಿ ಲಾಕರ್ ರೂಮಿಂದ ಅವನ ಜೆರ್ಸಿ ಕಳುವಾಯ್ತು, ಮಾರ್ಚಲ್ಲಿ ಮೆಕ್ಸಿಕೋದಲ್ಲಿ ಸಿಕ್ತು.

2020ರಲ್ಲಿ ಇಪ್ಪತ್ತು ವರ್ಷ ಆಡಿದ ಊರು ಬಿಟ್ಟು ಫ್ಲಾರಿಡಾದ ಟ್ಯಾಂಪಾ ಬೇ ಬಕನೀರ್ಸ್‌ಗೆ ಹೋದಾಗ ಇಲ್ಲಿ ಸಾವಿನ ಮನೆ ಥರ ಇತ್ತು. ಆದ್ರೆ ಬ್ರೇಡಿಯಿಂದ ಬೆಲಿಚಿಕ್ಕೋ, ಬೆಲಿಚಿಕ್‌ನಿಂದ ಬ್ರೇಡಿನೋ ಅನ್ನೋ ಹಳೇ ಜಗಳಕ್ಕೆ ಅರ್ಧ ಉತ್ತರ ಅಲ್ಲಿ ಸಿಕ್ತು. ಬಕನೀರ್ಸ್ ಅದರ ಹಿಂದಿನ ವರ್ಷ 7 ಗೆದ್ದು 9 ಸೋತ ಟೀಮ್. ಬ್ರೇಡಿ ಹೋದ ವರ್ಷ ಪೇಟ್ರಿಯಟ್ಸ್ ಸರಿಯಾಗಿ ಅದೇ 7-9ಕ್ಕೆ ಇಳೀತು, ಬಕನೀರ್ಸ್ ಕೋವಿಡ್ ಮಧ್ಯೆ ಪ್ರಾಕ್ಟೀಸ್ ಮ್ಯಾಚೂ ಇಲ್ದೆ ಶುರು ಮಾಡಿ ಕ್ಯಾನ್ಸಸ್ ಸಿಟಿ ಚೀಫ್ಸ್ ಮೇಲೆ 31-9ರಲ್ಲಿ ಕಪ್ ಗೆದ್ದು, ಸ್ವಂತ ಮೈದಾನದಲ್ಲಿ ಸೂಪರ್ ಬೌಲ್ ಗೆದ್ದ ಮೊದಲ ಟೀಮ್ ಆಯ್ತು. ಅವನಿಗೆ 43. ಅರ್ಧ ಉತ್ತರ ಅಂದಿದ್ದು ಯಾಕಂದ್ರೆ ಆ ಮೊದಲ ಮೂರು ಕಪ್ ಬೆಲಿಚಿಕ್ ಕಟ್ಟಿದ ಡಿಫೆನ್ಸ್ ಇಲ್ದೆ ಬರ್ತಿರ್ಲಿಲ್ಲ, ಇದನ್ನ ಬ್ರೇಡಿ ಭಕ್ತರು ಮರೀತಾರೆ. ಒಟ್ಟು ಹತ್ತು ಸೂಪರ್ ಬೌಲ್ ಆಡಿ ಏಳು ಗೆದ್ದಿದ್ದಾನೆ. ಯಾವ ಟೀಮೂ ಇಡೀ ಇತಿಹಾಸದಲ್ಲಿ ಆರಕ್ಕಿಂತ ಹೆಚ್ಚು ಗೆದ್ದಿಲ್ಲ. 23 ಸೀಸನ್, 89,214 ಯಾರ್ಡ್, 649 ಟಚ್‌ಡೌನ್ ಪಾಸ್, 251 ಲೀಗ್ ಗೆಲುವು.

ಹಳಬರು ಮೊಂಟಾನ ನಾಲ್ಕು ಫೈನಲ್ ಆಡಿ ನಾಲ್ಕೂ ಗೆದ್ದ ಅಂತಾರೆ, ಅದೂ ಸತ್ಯ. ಬ್ರೇಡಿ ಕಾಲದಲ್ಲಿ ನಿಯಮಗಳು ಕ್ವಾರ್ಟರ್‌ಬ್ಯಾಕ್ ಪರ ತಿರುಗಿದ್ವು, ಅವನ ಮೊಣಕಾಲು ಹೋದ್ಮೇಲೆ 2009ರಲ್ಲಿ, ನೆಲದಲ್ಲಿ ಬಿದ್ದ ಡಿಫೆಂಡರ್ ಕ್ವಾರ್ಟರ್‌ಬ್ಯಾಕ್ ಕಾಲಿಗೆ ನುಗ್ಗೋ ಹಾಗಿಲ್ಲ ಅಂತ ಬಿಗಿ ಮಾಡಿದ್ರು, ಜನ ಅದಕ್ಕೆ 'ಬ್ರೇಡಿ ರೂಲ್' ಅಂತ್ಲೇ ಹೆಸರಿಟ್ರು. ಮೊಂಟಾನಗೆ ಆ ರಕ್ಷಣೆ ಇರ್ಲಿಲ್ಲ. ಆದ್ರೆ ಆ ನಿಯಮದ ಲಾಭ ಬ್ರೇಡಿ ಜೊತೆ ಆಡಿದ ಎಲ್ಲರಿಗೂ ಸಿಕ್ತು, ಏಳು ಗೆದ್ದವನು ಇವನೊಬ್ನೇ. ಹಾಗಾಗಿ ನನ್ನ ಓಟು ಬ್ರೇಡಿಗೆ.

ಇನ್ನು ನಿಮ್ಮ ಪಬ್ಲಿಸಿಟಿ ಪ್ರಶ್ನೆ. 2009ರಲ್ಲಿ ಬ್ರೆಜಿಲ್‌ನ ಸೂಪರ್‌ಮಾಡೆಲ್ ಜಿಸೆಲ್ ಬುಂಡ್ಚೆನ್‌ನ ಮದುವೆ ಆದ್ಮೇಲೆ, ಆಟ ನೋಡದವರಿಗೂ ಅವನ ಹೆಸರು ಗೊತ್ತಾಯ್ತು. ಊಟದ ಪಥ್ಯ ಇನ್ನೊಂದು ಸುದ್ದಿ, ಟೊಮೆಟೊ ಬೇಡ, ಬದನೆಕಾಯಿ ಬೇಡ, ಸಕ್ಕರೆ ಮೈದಾ ಬೇಡ, ಬೇಗ ಮಲಗೋದು, ಭಾರ ಎತ್ತೋದಕ್ಕಿಂತ ರಬ್ಬರ್ ಪಟ್ಟಿ ಎಳೆಯೋ ವ್ಯಾಯಾಮ. ಅದನ್ನೆಲ್ಲ ಟಿಬಿ12 ಅಂತ ಬ್ರ್ಯಾಂಡ್ ಮಾಡಿ ಮಾರಿದ. ಅದರ ಹಿಂದಿನ ವಿಜ್ಞಾನದ ಮಾತುಗಳಲ್ಲಿ ಕೆಲವಕ್ಕೆ ಆಧಾರ ಇಲ್ಲ, ನೀರು ಜಾಸ್ತಿ ಕುಡಿದ್ರೆ ಬಿಸಿಲಿಗೆ ಚರ್ಮ ಸುಡಲ್ಲ ಅನ್ನೋ ಥರದ್ದು, ನೀವು ಅದನ್ನ ನಂಬಿ ಟೊಮೆಟೊ ಸಾರು ಬಿಡ್ಬೇಡಿ. ಆದ್ರೆ ಇಪ್ಪತ್ತು ವರ್ಷ ಒಂದು ದಿನಾನೂ ತಪ್ಪಿಸದೆ ಮೈನ ಕಾಪಾಡ್ಕೊಂಡ ಶಿಸ್ತು ಇದೆಯಲ್ಲ, ಅದು ಜಾಹೀರಾತಿಗೆ ಮಾಡಿದ್ದಲ್ಲ. 44ನೇ ವಯಸ್ಸಲ್ಲಿ 5,316 ಯಾರ್ಡ್ ಎಸೆದು ಲೀಗಲ್ಲೇ ಮೊದಲು ಬಂದ.

ಬಿಡೋಕೆ ಆಗದೇ ಇದ್ದಿದ್ದು ಅವನ ಕಷ್ಟ. 2022ರ ಫೆಬ್ರವರಿ 1ಕ್ಕೆ ರಿಟೈರ್ ಅಂದ. ಮಾರ್ಚ್ 12ಕ್ಕೆ, ಅವನ ಕೊನೇ ಟಚ್‌ಡೌನ್ ಬಾಲ್ ಅಂತ ಒಂದನ್ನ ಹರಾಜಲ್ಲಿ ಯಾರೋ 5,18,628 ಡಾಲರ್‌ಗೆ ತಗೊಂಡ್ರು. 13ನೇ ತಾರೀಖು ಬ್ರೇಡಿ, ಇಲ್ಲ ನಾನು ವಾಪಸ್ ಬರ್ತೀನಿ ಅಂದ. ಕೊನೇ ಬಾಲ್ ಕೊನೇದಾಗಿ ಉಳೀಲಿಲ್ಲ, ಮಾರಾಟ ರದ್ದಾಯ್ತು. ವಾಪಸ್ ಬಂದ ಸೀಸನ್ ಚೆನ್ನಾಗಿರ್ಲಿಲ್ಲ, ಆ ಅಕ್ಟೋಬರಲ್ಲೇ ವಿಚ್ಛೇದನ ಆಯ್ತು, ಅವನು ಪ್ರಚಾರ ಮಾಡಿದ್ದ ಎಫ್‌ಟಿಎಕ್ಸ್ ಅನ್ನೋ ಕ್ರಿಪ್ಟೊ ಕಂಪನಿ ನವೆಂಬರಲ್ಲಿ ಮುಳುಗ್ತು. ಅದ್ರಲ್ಲಿ ಸಾಮಾನ್ಯ ಜನರ ದುಡ್ಡು ಹೋಯ್ತು, ಸೆಲೆಬ್ರಿಟಿಗಳು ತಮಗೇ ಪೂರ್ತಿ ಅರ್ಥವಾಗದ್ದನ್ನ ಮುಖ ತೋರಿಸಿ ಮಾರಬಾರ್ದು, ಇದ್ರಲ್ಲಿ ಅವನ ಮೇಲೆ ನನಗೆ ನಿಜವಾಗ್ಲೂ ಬೇಜಾರಿದೆ. 2023ರ ಫೆಬ್ರವರಿ 1, ಸರಿಯಾಗಿ ಒಂದು ವರ್ಷಕ್ಕೆ, ಸಮುದ್ರದ ದಂಡೇಲಿ ಒಬ್ನೇ ಕೂತು ಒಂದು ನಿಮಿಷಕ್ಕೂ ಕಮ್ಮಿ ವಿಡಿಯೋ ಮಾಡಿ, ಈ ಸಲ ಖಾಯಂ ಅಂದ. ಗಂಟಲು ಕಟ್ಟಿತ್ತು.

ಈಗ ನೀವು ಟಿವೀಲಿ ನೋಡ್ತಿರೋದು ಫಾಕ್ಸ್ ಚಾನೆಲ್ ಕಾಮೆಂಟರಿ, ಹತ್ತು ವರ್ಷಕ್ಕೆ 375 ಮಿಲಿಯನ್ ಡಾಲರ್ ಅಂತ ವರದಿಯಾದ ಕಾಂಟ್ರ್ಯಾಕ್ಟ್. ಆಡಿದಾಗ ಸಂಪಾದಿಸಿದ್ದಕ್ಕಿಂತ ಅದೇ ಜಾಸ್ತಿ. 2024ರಲ್ಲಿ ಶುರು ಮಾಡಿದಾಗ ಮಾತು ತಡವರಿಸ್ತಿತ್ತು, ತಲೇಲಿರೋದು ಬಾಯಿಗೆ ಬರ್ತಿರ್ಲಿಲ್ಲ, ಈಗ ಎಷ್ಟೋ ವಾಸಿ. ಅದೇ ವರ್ಷ ಲಾಸ್ ವೇಗಸ್ ರೇಡರ್ಸಲ್ಲಿ ಸಣ್ಣ ಪಾಲು ತಗೊಂಡ, ಹಿಮದ ರಾತ್ರಿ ಸೋಲಿಸಿದ್ನಲ್ಲ, ಅದೇ ರೇಡರ್ಸ್, ಊರು ಬದಲಾಯಿಸಿರೋದು ಅಷ್ಟೆ. ಒಂದು ಟೀಮಿನ ಮಾಲೀಕನೂ ಆಗಿ ಬೇರೆ ಟೀಮ್‌ಗಳ ಬಗ್ಗೆ ಕಾಮೆಂಟರಿನೂ ಹೇಳೋದು ಸರಿಯಲ್ಲ ಅಂತ ಆಕ್ಷೇಪ ಬಂತು, ಲೀಗ್ ಕೆಲವು ನಿರ್ಬಂಧ ಹಾಕ್ತು. ನನ್ನನ್ನ ಕೇಳಿದ್ರೆ ಎರಡ್ರಲ್ಲಿ ಒಂದು ಬಿಡ್ಬೇಕು. ಆಟದ ದಿಗ್ಗಜರನ್ನ ಗೌರವಿಸೋ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ರಿಟೈರ್ ಆಗಿ ಐದು ವರ್ಷ ಕಾಯ್ಬೇಕು, ಹಾಗಾಗಿ ಅವನ ಸರದಿ 2028ಕ್ಕೆ. ಪೇಟ್ರಿಯಟ್ಸ್ ಕಾಯ್ಲಿಲ್ಲ, 2024ರ ಜೂನಲ್ಲೇ 12ನೇ ನಂಬರ್ ಜೆರ್ಸಿ ಇನ್ನು ಯಾರ್ಗೂ ಇಲ್ಲ ಅಂದ್ರು, ಮುಂದಿನ ವರ್ಷ ಸ್ಟೇಡಿಯಂ ಹೊರಗೆ ಕಂಚಿನ ಪ್ರತಿಮೆ ನಿಲ್ಲಿಸಿದ್ರು. ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ಡ್ರೈವ್, ವೀಕೆಂಡಲ್ಲಿ ಹೋಗಿ ಬನ್ನಿ.

ಹೋಗೋಕೆ ಮುಂಚೆ ಮಾತ್ರ ಹೈಲೈಟ್ಸ್ ಬಿಟ್ಟು, ಆ 2002ರ ಫೈನಲ್‌ನ ಕೊನೇ ಒಂದು ನಿಮಿಷ 21 ಸೆಕೆಂಡ್ ನಿಧಾನಕ್ಕೆ ನೋಡಿ. ಬಾಲ್ ಹಿಂದೆ ಕಣ್ಣು ಓಡ್ಸಬೇಡಿ, ಅವನ ಕಾಲು ನೋಡಿ. ಕೊನೇಲಿ ಏಳು ಸೆಕೆಂಡ್ ಉಳಿದಿರುವಾಗ ಗಡಿಯಾರ ನಿಲ್ಸೋಕೆ ಬಾಲನ್ನ ನೆಲಕ್ಕೆ ಹೊಡೀತಾನೆ. ಸಾಮಾನ್ಯವಾಗಿ ಆ ಬಾಲ್ ಎಲ್ಲೋ ಚಿಮ್ಮಿ ಹೋಗತ್ತೆ, ಆಟಗಾರರು ಅದ್ರ ಕಡೆ ನೋಡೋದೂ ಇಲ್ಲ. ಇಲ್ಲಿ ಅದು ನೆಟ್ಟಗೆ ಮೇಲಕ್ಕೆ ಪುಟಿಯತ್ತೆ, ಅವನು ಒಂದು ಕೈ ಚಾಚಿ ಅದನ್ನ ಹಾಗೇ ಗಾಳೀಲಿ ಹಿಡ್ಕೊಳ್ತಾನೆ, ಸಂಜೆ ಅಂಗಳದಲ್ಲಿ ಒಬ್ನೇ ಆಡ್ತಿರೋ ಹುಡುಗನ ಥರ. ಅಲ್ಲಿ ವಿಡಿಯೋ ನಿಲ್ಸಿ ಅವನ ಮುಖ ನೋಡಿ.